ಹವಾಯಿ ಗಿಟಾರ್ ಮಾಡಿಸಿಕೊಳ್ಳುವವರಿಗೆ ಭೀಮಾ ತೀರದಿಂದ ಒಂದು ಕೈಪಿಡಿ

ಅಫಜಲಪುರ ತಾಲ್ಲೂಕಿನ ಸೊನ್ನ ಗ್ರಾಮದ ಹೆಸರು ನಾಡಿನ ಕಿವಿಗೆ ಬೀಳುವುದು ಹೆಚ್ಚಾಗಿ ಮಳೆಗಾಲದ ಸುದ್ದಿಗಳಲ್ಲಿ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆಂದರೆ ಇಲ್ಲಿಯ ಬ್ಯಾರೇಜಿನ ಗೇಟುಗಳು ಮೇಲೇಳುತ್ತವೆ. ಕೆಳದಂಡೆಯ ಘತ್ತರಗಿ, ದೇವಲ ಗಾಣಗಾಪುರಗಳ ಜನ ಎಚ್ಚರಗೊಳ್ಳುತ್ತಾರೆ. ಆದರೆ ಇದೇ ಭೀಮೆಗೆ ಸಂಗೀತದೊಂದಿಗೂ ಒಂದು ನಂಟಿದೆ. ಸೊನ್ನದಿಂದ ಮೇಲಕ್ಕೆ, ನದಿಯು ಚಂದ್ರಭಾಗೆ ಎನಿಸಿಕೊಳ್ಳುವ ಪಂಢರಪುರದ ಸುತ್ತಿನ ಹೊಲಗಳಲ್ಲಿ ತಂಬೂರಿಯ ಬುರುಡೆಗೆಂದೇ ದೊಡ್ಡ ಕಾಯಿಗಳನ್ನು ಬೆಳೆಯುತ್ತಾರೆ. ಒಣಗಿದ ಆ ಬುರುಡೆಗಳು ಮೀರಜಿನ ಕಾರೀಗರರ ಕೈ ಸೇರಿ ತಂಬೂರಿ, ಸಿತಾರ್‌ಗಳಾಗುತ್ತವೆ.

ಇಂಥದೇ ಒಂದು ಬುರುಡೆ ಈಗ ಪೆಸಿಫಿಕ್ ಸಾಗರದ ದ್ವೀಪಗಳಿಂದ ಬಂದ ವಾದ್ಯವೊಂದರ ದಂಡಿಗೂ ಜೋಡಣೆಯಾಗಿದೆ. ಅದು ಹವಾಯಿ ಗಿಟಾರ್‌ನ ಭಾರತೀಯ ರೂಪ. ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಸಲಾಕೆಯನ್ನು ಜಾರಿಸಿ ನುಡಿಸುವ ಈ ವಾದ್ಯವನ್ನು ಕಲಿಯಬಯಸುವವರಿಗೆ ಎದುರಾಗುವ ಮೊದಲ ತೊಡಕು ವಾದ್ಯವೇ. ಉತ್ತಮ ದರ್ಜೆಯ ವಾದ್ಯ ಪೇಟೆಯ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವುದು ವಿರಳ, ಬಹುಮಟ್ಟಿಗೆ ಮಾಡಿಸಿಕೊಳ್ಳಬೇಕು. ಹಾಗೆ ಮಾಡಿಸುವಾಗ ಏನನ್ನು ಕೇಳಬೇಕು, ಏನನ್ನು ಹೇಳಬೇಕು ಎಂಬುದನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ. ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದುದು ಇಷ್ಟು: ಮರ ಕೊಯ್ಯುವ ಮುನ್ನ ತಯಾರಕರಿಗೆ ತಿಳಿದಿರಬೇಕಾದುದು ನುಡಿಸುವವರ ಹೆಸರಲ್ಲ, ಅವರ ಕೈ, ಅವರ ಷಡ್ಜ ಮತ್ತು ಅವರ ಊರಿನ ಗಾಳಿ.

ಹೊನೊಲುಲುವಿನಿಂದ ಕೋಲ್ಕತ್ತದವರೆಗೆ

ಹವಾಯಿಗೆ ಗಿಟಾರ್ ಬಂದದ್ದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ. ದನಗಾಹಿ ಕೆಲಸಕ್ಕೆಂದು ಕರೆಸಿಕೊಂಡ ಮೆಕ್ಸಿಕೊ ಕಡೆಯ ಸವಾರರು ಅದನ್ನು ತಂದರೆಂಬುದು ರೂಢಿಯ ಮಾತು. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಮದೀರಾ ದ್ವೀಪದ ಪೋರ್ಚುಗೀಸ್ ವಲಸಿಗರನ್ನು ಕಬ್ಬಿನ ತೋಟಗಳ ದುಡಿಮೆಗೆಂದು ಹೊನೊಲುಲುವಿಗೆ ಕರೆತಂದಿತು. ಅವರಲ್ಲಿ ಮಾನುಯೆಲ್ ನುನೆಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ, ಆಗಸ್ಟೊ ಡಿಯಾಸ್ ಎಂಬ ಮೂವರು ಮರಗೆಲಸದವರಿದ್ದರು. ತಮ್ಮೂರಿನ ಪುಟ್ಟ ವಾದ್ಯದ ಮಾದರಿಯಲ್ಲಿ ಅವರು ಮಾಡಿದ್ದೇ ನಾಲ್ಕು ತಂತಿಯ ಉಕುಲೇಲೆ. ಅದಕ್ಕೆ ಒದಗಿದ ಮರ ಅಲ್ಲಿಯ ಕೋವಾ. ಹವಾಯಿಯಲ್ಲಿ ಮಾತ್ರ ಬೆಳೆಯುವ ಈ ಮರ ನಮ್ಮ ಹೊಲದ ಬದುವಿನ ಜಾಲಿಗೆ ದೂರದ ಬಂಧು.

ಅದೇ ಶತಮಾನದ ಎಂಬತ್ತರ ದಶಕದಲ್ಲಿ ಓವಾಹು ದ್ವೀಪದ ಬಾಲಕ ಜೋಸೆಫ್ ಕೆಕುಕು ಗಿಟಾರ್ ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಕ್ರಮವನ್ನು ರೂಢಿಸಿದ. ಉಕ್ಕಿನ ಗಿಟಾರ್‌ನ ಕೀರ್ತಿ ಇವನಿಗೇ ಸಲ್ಲುತ್ತಿದೆ. ಆದರೆ ಇವನಿಗೂ ಮೊದಲು ಗೇಬ್ರಿಯಲ್ ಡೇವಿಯನ್ ಎಂಬ ಭಾರತ ಮೂಲದ ಯುವಕನೊಬ್ಬ ಅಲ್ಲಿ ಹೀಗೆ ನುಡಿಸುತ್ತಿದ್ದನೆಂಬ ಹೇಳಿಕೆಯೂ ಇದೆ. ತಂತಿಯ ಮೇಲೆ ಜಾರಿಸಿ ಸ್ವರ ತೆಗೆಯುವುದು ನಮಗೆ ಹೊಸದಲ್ಲ. ಉತ್ತರದಲ್ಲಿ ವಿಚಿತ್ರ ವೀಣೆ, ದಕ್ಷಿಣದಲ್ಲಿ ಗೋಟುವಾದ್ಯ ಆ ಬಗೆಯವು. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ಯರ ಹೆಸರು ಈ ವಾದ್ಯದ ಚರಿತ್ರೆಯಲ್ಲಿ ದೊಡ್ಡದು. ಇಂದು ಚಿತ್ರವೀಣೆಯೆಂದು ಕರೆಯುವ ಅದೇ ವಾದ್ಯದ ರವಿಕಿರಣ್ ಅವರ ಮೊಮ್ಮಗ.

1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ವಸ್ತುಪ್ರದರ್ಶನದ ಬಳಿಕ ಹವಾಯಿ ಸಂಗೀತ ಜಗತ್ತಿನಾದ್ಯಂತ ಹಬ್ಬಿತು. 1929ರಲ್ಲಿ ಹವಾಯಿಯ ತಂಡವೊಂದರೊಡನೆ ಟಾವ್ ಮೋ ಭಾರತಕ್ಕೆ ಬಂದರು; ನಲವತ್ತರ ದಶಕದಲ್ಲಿ ಅವರ ಕುಟುಂಬ ಕೋಲ್ಕತ್ತದಲ್ಲೇ ನೆಲೆಸಿತ್ತು. ಬಂಗಾಳದ ಮನೆಗಳಲ್ಲಿ ರವೀಂದ್ರರ, ನಜ್ರುಲರ ಗೀತೆಗಳು ಹವಾಯಿ ಗಿಟಾರ್‌ನಲ್ಲಿ ಮೊಳಗತೊಡಗಿದವು. ಹಿಂದಿ ಚಿತ್ರಗೀತೆಗಳ ಗಿಟಾರ್ ಧ್ವನಿಮುದ್ರಿಕೆಗಳು ಮನೆಮನೆಗೆ ಬಂದವು. ಅದಕ್ಕೆ ರಾಗದ ಗಾಂಭೀರ್ಯ ತಂದುಕೊಟ್ಟವರು ಜೋಧಪುರದ ಪಂಡಿತ್ ಬ್ರಿಜ್ ಭೂಷಣ್ ಕಾಬ್ರಾ (1937–2018). ಶಿವಕುಮಾರ್ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರೊಡನೆ ಕಾಬ್ರಾ ನುಡಿಸಿದ 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆ ಇಂದಿಗೂ ಕೇಳುಗರ ಮನದಲ್ಲಿದೆ.

ಜೈಪುರದ ಪಂಡಿತ್ ವಿಶ್ವಮೋಹನ ಭಟ್ಟರು ಮುಂದುವರಿದು ಗಿಟಾರ್‌ಗೆ ಚಿಕಾರಿ ಮತ್ತು ತರಬ್ ತಂತಿಗಳನ್ನು ಕೂಡಿಸಿ ಮೋಹನ ವೀಣೆಯನ್ನು ರೂಪಿಸಿದರು. ರೈ ಕೂಡರ್ ಜೊತೆಗಿನ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಾಗ ಈ ವಾದ್ಯ ಜಗತ್ತಿಗೆ ಪರಿಚಿತವಾಯಿತು. ಕೋಲ್ಕತ್ತದ ದೇಬಾಶಿಶ್ ಭಟ್ಟಾಚಾರ್ಯರು ಚತುರಂಗಿ, ಗಾಂಧರ್ವಿ ಮತ್ತು ಆನಂದಿ ಎಂಬ ಮೂರು ವಾದ್ಯಗಳನ್ನು ವಿನ್ಯಾಸಗೊಳಿಸಿದರು. ಇವುಗಳಲ್ಲಿ ಆನಂದಿ ನಾಲ್ಕು ತಂತಿಯ, ಜಾರಿಸಿ ನುಡಿಸುವ ಉಕುಲೇಲೆ. ನಮ್ಮ ನಾಡಿನಲ್ಲಿ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರು ಹಿಂದೂಸ್ತಾನಿ ಸ್ಲೈಡ್ ಗಿಟಾರ್ ವಾದಕರಾಗಿ ಹೆಸರಾಗಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೋಹನ ವೀಣೆ, ಚತುರಂಗಿ, ಆನಂದಿ ಇವಾವುವೂ ಅಂಗಡಿಯಲ್ಲಿ ಕೊಂಡ ವಾದ್ಯಗಳಾಗಿ ಹುಟ್ಟಲಿಲ್ಲ. ನುಡಿಸುವವರು ತಮ್ಮ ಬೇಡಿಕೆಯನ್ನು ಮರಗೆಲಸದವರ ಮುಂದಿಟ್ಟು, ತಿದ್ದಿ ತೀಡಿ ಪಡೆದುಕೊಂಡವು ಅವು. ಮಾಡಿಸಿಕೊಳ್ಳುವ ಕ್ರಿಯೆಯೇ ಈ ವಾದ್ಯದ ಚರಿತ್ರೆ.

ಯಾವ ವಾದ್ಯ ಬೇಕು?

ಹವಾಯಿ ಗಿಟಾರ್ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಗಳಿವೆ. ತಯಾರಕರ ಬಳಿಗೆ ಹೋಗುವ ಮುನ್ನ ಇವುಗಳ ಅಂತರ ತಿಳಿದಿರಬೇಕು.

ಮೊದಲನೆಯದು ಆರು ತಂತಿಯ ಸಾದಾ ಮರದ ಗಿಟಾರ್. ಇದರಲ್ಲಿ ಮೇರು (ನಟ್) ಎತ್ತರವಾಗಿದ್ದು, ತಂತಿಗಳು ದಂಡಿಯಿಂದ ಸುಮಾರು 10ರಿಂದ 12 ಮಿ.ಮೀ. ಮೇಲೆ ನಿಲ್ಲುತ್ತವೆ. ಭಾವಗೀತೆ, ಚಿತ್ರಗೀತೆಗಳಿಗೆ ಇದು ಸಾಕು.

ಎರಡನೆಯದು ದಂಡಿಯೂ ಟೊಳ್ಳಾಗಿರುವ ಬಗೆ. ಲಾಸ್ ಏಂಜಲಿಸ್‌ನಲ್ಲಿ ಹರ್ಮನ್ ವೈಸೆನ್‌ಬಾರ್ನ್ 1920ರ ದಶಕದಲ್ಲಿ ಇಂಥವನ್ನು ಕೋವಾ ಮರದಲ್ಲಿ ಮಾಡುತ್ತಿದ್ದರು. ನಾದ ಮೃದು, ಗುಂಜನ ದೀರ್ಘ. ಆದರೆ ಹೆಚ್ಚಿನ ತಂತಿಗಳ ಭಾರವನ್ನು ಇದರ ತೆಳು ಮೈ ತಾಳಲಾರದು.

ಮೂರನೆಯದು ಮೋಹನ ವೀಣೆಯ ಮಾದರಿ. ಇದರಲ್ಲಿ ಒಟ್ಟು 20 ತಂತಿಗಳಿದ್ದು, ಮೂರು ಮುಖ್ಯ ತಂತಿಗಳು, ಐದು ಶ್ರುತಿ ಮತ್ತು ಚಿಕಾರಿ ತಂತಿಗಳು, ಹನ್ನೆರಡು ತರಬ್ ತಂತಿಗಳು. ಆಲಾಪ, ಜೋಡ್, ಝಾಲಾಗಳನ್ನು ಕ್ರಮವಾಗಿ ಕಲಿಯುವವರಿಗೆ ಇದು ಒಪ್ಪುವುದು.

ನಾಲ್ಕನೆಯದು ಉಕುಲೇಲೆ. ಬೆರಳಿನಿಂದ ಒತ್ತಿ ನುಡಿಸುವ ಸಾದಾ ಉಕುಲೇಲೆಗಳಲ್ಲಿ ತಂತಿಯ ಉದ್ದ ಚಿಕ್ಕದರಲ್ಲಿ ಸುಮಾರು 33 ಸೆಂ.ಮೀ., ಟೆನರ್ ಬಗೆಯಲ್ಲಿ 43 ಸೆಂ.ಮೀ. ಇರುತ್ತದೆ. ಮಕ್ಕಳಿಗೂ ಪ್ರಯಾಣಕ್ಕೂ ಅನುಕೂಲ. ಆದರೆ ಜಾರಿಸಿ ನುಡಿಸುವುದಾದರೆ ಅದನ್ನು ಮೊದಲೇ ಹೇಳತಕ್ಕದ್ದು. ಮೇರು, ಕುದುರೆ, ತಂತಿ ಮೂರೂ ಬದಲಾಗುತ್ತವೆ.

ಮಾಡಿಸುವ ಮುನ್ನ ಒಂದು ಪ್ರಯೋಗ

ಹೊಸಬರು ಅವಸರಪಟ್ಟು ದೊಡ್ಡ ಮೊತ್ತ ತೊಡಗಿಸುವುದು ಜಾಣತನವಲ್ಲ. ಸಾಧಾರಣ ಬೆಲೆಯ ಹಳೆಯ ಗಿಟಾರ್‌ಗೆ ಮೇರು ಎತ್ತರಿಸುವ ಲೋಹದ ಪಟ್ಟಿ ಹೊಂದಿಸಿ, ಉಕ್ಕಿನ ಸಲಾಕೆಯೊಂದನ್ನು ಕೊಂಡು, ಆರು ತಿಂಗಳಾದರೂ ಅಭ್ಯಾಸ ನಡೆಸುವುದು ಒಳಿತು. ಈ ಅವಧಿಯಲ್ಲಿ ನಾಲ್ಕು ಸಂಗತಿಗಳು ತಾವಾಗಿ ಸ್ಪಷ್ಟವಾಗುತ್ತವೆ: ಯಾವ ಶ್ರುತಿ ಹಿತ, ತಂತಿಯ ಉದ್ದ ಎಷ್ಟಿರಬೇಕು, ಸಲಾಕೆಯ ಭಾರ ಎಷ್ಟು, ಚಕ್ಕಳಮಕ್ಕಳ ಹಾಕಿ ನುಡಿಸುವುದೋ ಕುರ್ಚಿಯಲ್ಲಿ ಕುಳಿತೋ.

ಇದೇ ಹಂತದಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಸಾದಾ ಗಿಟಾರ್‌ಗೇ ಪಕ್ಕದಲ್ಲೊಂದು ಪಟ್ಟಿ ಜೋಡಿಸಿ, ಹತ್ತು ಹನ್ನೆರಡು ಬಿರಡೆಗಳನ್ನು ಬಡಿದು, ತರಬ್ ತಂತಿ ಬಿಗಿಸಿಬಿಡುವುದು. ಆರು ಉಕ್ಕಿನ ತಂತಿಗಳೇ ಗಿಟಾರ್‌ನ ಮೇಲೆ ಸುಮಾರು 70 ಕಿಲೋಗ್ರಾಂ ಭಾರದಷ್ಟು ಸೆಳೆತ ಹೇರುತ್ತವೆ. ಆ ಲೆಕ್ಕಕ್ಕೆ ತಕ್ಕಂತೆ ಕಟ್ಟಿದ ಮೇಲ್ಹಲಗೆಯ ಮೇಲೆ ಮತ್ತೆ ಡಜನ್ ತಂತಿ ಬಿಗಿದರೆ ಅದು ಕ್ರಮೇಣ ಉಬ್ಬುತ್ತದೆ, ಕುದುರೆ ಕಿತ್ತು ಬರುತ್ತದೆ, ದಂಡಿ ಬಾಗುತ್ತದೆ. ತರಬ್ ಇರುವ ವಾದ್ಯಕ್ಕೆ ಒಳಗಿನ ಅಡ್ಡಪಟ್ಟಿಗಳೇ ಬೇರೆ. ಅದನ್ನು ಮೊದಲಿನಿಂದಲೇ ಹಾಗೆ ಕಟ್ಟಬೇಕು.

ತಯಾರಕರನ್ನು ಎಲ್ಲಿ ಹುಡುಕುವುದು?

ಹಿಂದೂಸ್ತಾನಿ ಪದ್ಧತಿಯ ಗಿಟಾರ್‌ಗಳ ತಯಾರಿಕೆಯಲ್ಲಿ ಕೋಲ್ಕತ್ತದ ಕಾರೀಗರರ ಅನುಭವ ದೊಡ್ಡದು. ಕಲಬುರಗಿ ಭಾಗದವರಿಗೆ ಹತ್ತಿರದ ವಾದ್ಯಕೇಂದ್ರವೆಂದರೆ ಸಾಂಗಲಿ ಜಿಲ್ಲೆಯ ಮೀರಜ್. ಸೊಲ್ಲಾಪುರದ ಕಡೆಯಿಂದ ಕುರ್ಡುವಾಡಿ, ಪಂಢರಪುರ ಮಾರ್ಗವಾಗಿ ಅಲ್ಲಿಗೆ ರೈಲಿದೆ. ಗಡಿ ಸೀಮೆಯಾದುದರಿಂದ ಕನ್ನಡದ ಮಾತೂ ಅಲ್ಲಿ ಅಪರಿಚಿತವಲ್ಲ. ಉಸ್ತಾದ್ ಅಬ್ದುಲ್ ಕರೀಂ ಖಾನ್ (ನಿಧನ 1937) ನೆಲೆಸಿದ್ದ ಊರದು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರೆಗೆ ಹರಿದುಬಂದ ಗಾಯನಕ್ಕೆ ಮೀರಜಿನ ತಂಬೂರಿಯೇ ಹಿನ್ನೆಲೆ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಮೀರಜ್ ಮುಖ್ಯವಾಗಿ ತಂಬೂರಿಯ ಊರು, ಗಿಟಾರ್‌ನ ಊರಲ್ಲ ಎಂಬುದನ್ನು ಮರೆಯಬಾರದು. ಆದರೆ ತರಬ್ ತಂತಿಯ ಜೋಡಣೆ, ಜವಾರಿ ತೆಗೆಯುವುದು, ಬುರುಡೆಯ ಸೀಳು ಮುಚ್ಚುವುದು ಮುಂತಾದ ಕೆಲಸಗಳಿಗೆ ಅಲ್ಲಿಯ ಕೈಗಳ ಪರಿಣತಿ ದೊಡ್ಡದು. ದೂರದೂರಿನಲ್ಲಿ ವಾದ್ಯ ಮಾಡಿಸಿದವರು ಮುಂದಿನ ದುರಸ್ತಿಗೆ ಯಾರನ್ನು ಆಶ್ರಯಿಸಬೇಕೆಂಬುದನ್ನು ಮೊದಲೇ ಯೋಚಿಸಿರುವುದು ಅಗತ್ಯ.

ತಯಾರಕರ ಹೆಸರು ಕೇಳಿ ತೃಪ್ತರಾಗದೆ ಅವರು ಮಾಡಿದ ವಾದ್ಯವನ್ನು ಕೇಳಬೇಕು. ಅದರಲ್ಲೂ ಐದಾರು ವರ್ಷ ಹಳೆಯದಾದುದನ್ನು. ಹೊಸ ವಾದ್ಯ ಎಲ್ಲರ ಕೈಯಲ್ಲೂ ಚೆನ್ನಾಗಿ ನುಡಿದೀತು. ಐದು ಬೇಸಿಗೆ ಕಳೆದ ವಾದ್ಯವೇ ನಿಜವಾದ ಸಾಕ್ಷಿ. ಅದರ ಕುದುರೆಯ ಹಿಂಬದಿ ಉಬ್ಬಿದೆಯೇ, ದಂಡಿಯ ಬುಡದಲ್ಲಿ ಬಿರುಕಿದೆಯೇ, ಬಿರಡೆಗಳು ಜಾರುತ್ತವೆಯೇ ಎಂಬುದನ್ನು ಪರೀಕ್ಷಿಸಬಹುದು.

ಮರ ಮತ್ತು ಗಾಳಿ

ಈ ಭಾಗದವರಿಗೆ ಅತ್ಯಂತ ಮುಖ್ಯವಾದ ಅಧ್ಯಾಯವಿದು. ಮರ ಕಡಿದ ಮೇಲೂ ಉಸಿರಾಡುತ್ತದೆ ಎಂಬ ಮಾತಿದೆ. ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ಅದು ನೀರನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 80ರಷ್ಟಿರುವ ಕಡೆ ಮರದೊಳಗಿನ ತೇವ ಶೇ. 16ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಆರ್ದ್ರತೆ ಶೇ. 30ಕ್ಕೆ ಇಳಿದರೆ ಅದು ಶೇ. 6ಕ್ಕೆ ಇಳಿಯುತ್ತದೆ. ತೇವ ಕಳೆದುಕೊಂಡ ಹಲಗೆ ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ, ಅಗಲದಲ್ಲಿ ಕುಗ್ಗುತ್ತದೆ. 40 ಸೆಂ.ಮೀ. ಅಗಲದ ಸ್ಪ್ರೂಸ್ ಹಲಗೆ ಶೇ. 6ರಷ್ಟು ತೇವ ಕಳೆದುಕೊಂಡರೆ ಸುಮಾರು 3.5 ಮಿ.ಮೀ. ಕಿರಿದಾಗಬೇಕು. ಆದರೆ ಅಂಚುಗಳು ಅಂಟಿನಿಂದ ಬಿಗಿಯಾಗಿರುತ್ತವೆ. ಕಿರಿದಾಗಲು ಎಡೆಯಿಲ್ಲದ ಹಲಗೆ ಸೀಳುತ್ತದೆ.

ಮಳೆಗಾಲದ ಕೋಲ್ಕತ್ತದಲ್ಲಿ ಕಟ್ಟಿದ ವಾದ್ಯ ಏಪ್ರಿಲ್‌ನಲ್ಲಿ ಭೀಮಾ ತೀರಕ್ಕೆ ಬಂದರೆ ನಡೆಯುವುದು ಇದೇ. ಇಲ್ಲಿಯ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ವಿಶೇಷವಲ್ಲ. ಮಧ್ಯಾಹ್ನದ ಗಾಳಿಯಲ್ಲಿ ತೇವವೆಂಬುದೇ ಇರುವುದಿಲ್ಲ. ಸೊನ್ನ ಬ್ಯಾರೇಜಿನಲ್ಲಿ 3 ಟಿಎಂಸಿ ಅಡಿಗೂ ಮಿಕ್ಕಿ ನೀರು ನಿಲ್ಲಬಹುದಾದರೂ ನದಿಯಿಂದ ಎರಡು ಹರದಾರಿ ಆಚೆಯ ಮನೆಯ ಒಳಗಾಳಿಗೆ ಅದರಿಂದ ಲಾಭವಿಲ್ಲ. ತಪ್ಪು ತಯಾರಕರದೂ ಅಲ್ಲ, ಮರದ್ದೂ ಅಲ್ಲ. ವಾದ್ಯ ಎಲ್ಲಿ ಬಾಳಬೇಕೆಂಬುದನ್ನು ಯಾರೂ ಹೇಳಿರಲಿಲ್ಲ, ಅಷ್ಟೆ. ವರ್ಷಗಟ್ಟಲೆ ಕೂಡಿಟ್ಟ ಹಣ ಒಂದು ಬೇಸಿಗೆಯಲ್ಲಿ ಸೀಳಿಹೋಗುವುದು ಸಂಗೀತ ಕಲಿಯುವ ಬಡ ಕುಟುಂಬಕ್ಕೆ ಸಣ್ಣ ನಷ್ಟವಲ್ಲ. ಎಷ್ಟೋ ಬಾರಿ ಕಲಿಕೆಯೇ ಅಲ್ಲಿಗೆ ನಿಂತುಹೋಗುತ್ತದೆ.

ಆದ್ದರಿಂದ ತಯಾರಕರಿಗೆ ಊರಿನ ಹೆಸರಷ್ಟೇ ಅಲ್ಲ, ಹವೆಯನ್ನೂ ತಿಳಿಸಬೇಕು. ಅಗ್ಗದ ತೇವಮಾಪಕವೊಂದನ್ನು ಕೊಂಡು, ವಾದ್ಯ ಇಡಬೇಕೆಂದಿರುವ ಕೋಣೆಯಲ್ಲಿ ವರ್ಷದ ಮೂರು ಕಾಲಗಳಲ್ಲಿ ಬೆಳಿಗ್ಗೆ ಮತ್ತು ಮಧ್ಯಾಹ್ನದ ಅಂಕಿಗಳನ್ನು ಗುರುತು ಹಾಕಿಕೊಂಡು ಕೊಟ್ಟರೆ ಅದಕ್ಕಿಂತ ಉತ್ತಮ ಮಾಹಿತಿ ಬೇರಿಲ್ಲ. ಬಲ್ಲ ತಯಾರಕರು ಆಗ ಮರವನ್ನು ಇನ್ನಷ್ಟು ಕಾಲ ಒಣಗಿಸುತ್ತಾರೆ, ಒಣ ಹವೆಯ ತಿಂಗಳುಗಳಲ್ಲಿ ಅಂಟಿಸುತ್ತಾರೆ, ಮೇಲ್ಹಲಗೆಗೆ ತುಸು ಕಮಾನು ಕೊಡುತ್ತಾರೆ. ಕಮಾನಿದ್ದ ಹಲಗೆ ಕುಗ್ಗುವಾಗ ಸೀಳುವ ಬದಲು ಸ್ವಲ್ಪ ತಗ್ಗುತ್ತದೆ.

ಮರದ ಆಯ್ಕೆಯಲ್ಲಿ ಹೆಸರಿನ ಮೋಹ ಬೇಡ. ಕೋವಾ ಚೆಲುವಾದ ಮರವೇ ಹೌದು. ದೂರದಿಂದ ತರಿಸಬೇಕಾದುದರಿಂದ ಬೆಲೆಯೂ ಹೆಚ್ಚು. ತಂಬೂರಿ, ಸಿತಾರ್‌ಗಳಿಗೆ ಒಗ್ಗಿರುವ ತುನ್ (ಗಂಧಗರಿಗೆ), ಮಹಾಗನಿ, ಸಾಗವಾನಿಗಳು ನಮ್ಮ ಹವೆಯಲ್ಲಿ ಪಳಗಿದವು. ಬೀಟೆಯ ನಾದ ಗಂಭೀರ. ಆದರೆ ಅದರ ಸಾಗಣೆ, ಮಾರಾಟಗಳಿಗೆ ಅರಣ್ಯ ಇಲಾಖೆಯ ನಿಯಮಗಳುಂಟು. ಬಿಲ್ಲಿನಲ್ಲಿ ಮರದ ಹೆಸರನ್ನು ಕಾಣಿಸುವಂತೆ ಕೇಳಿಕೊಳ್ಳುವುದು ಕ್ಷೇಮ. ಕುದುರೆಗೆ ದಂತ, ಜಿಂಕೆಯ ಕೊಂಬು ಬಳಸುತ್ತಿದ್ದ ಕಾಲ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಒಂಟೆಯ ಮೂಳೆ, ಕರಿಮರ, ಕೃತಕ ವಸ್ತುಗಳು ಇಂದು ಆ ಸ್ಥಾನ ತುಂಬಿವೆ.

ಷಡ್ಜ, ತಂತಿ, ಅಳತೆ

ಹಾಡುಗಾರರು ತಮ್ಮ ಪಟ್ಟಿಯನ್ನು ಕಾಳಿ ಒಂದು, ಸಫೇದ್ ಎರಡು ಎಂದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವಂತೆ ಗಿಟಾರ್ ಮಾಡಿಸುವವರೂ ತಮ್ಮ ಷಡ್ಜವನ್ನು ನಿಖರವಾಗಿ ಹೇಳಬೇಕು. ತಂತಿಯ ಸ್ವರ ಅದರ ಉದ್ದ, ದಪ್ಪ ಮತ್ತು ಬಿಗಿತ ಈ ಮೂರನ್ನು ಅವಲಂಬಿಸಿದೆ. ಉದ್ದ ವಾದ್ಯದೊಡನೆ ನಿಗದಿಯಾಗಿಬಿಡುತ್ತದೆ. ಆಮೇಲೆ ಷಡ್ಜ ಬದಲಿಸಿದರೆ ಒಂದೋ ತಂತಿ ಸಡಿಲವಾಗಿ ಸಲಾಕೆಯ ಭಾರಕ್ಕೆ ಕುಸಿಯುತ್ತದೆ, ಇಲ್ಲವೇ ಬಿಗಿತ ಹೆಚ್ಚಿ ಹಲಗೆಯನ್ನು ಎಳೆಯುತ್ತದೆ. ಸಾಮಾನ್ಯ ಗಿಟಾರ್‌ನ ತಂತಿಯ ಉದ್ದ ಸುಮಾರು 65 ಸೆಂ.ಮೀ. ಇರುತ್ತದೆ, ಗಿಡ್ಡ ತೋಳಿನವರಿಗೆ, ಮಕ್ಕಳಿಗೆ ಅದನ್ನು ತಗ್ಗಿಸುವುದು ರೂಢಿ.

ಬೆರಳಿನಿಂದ ಒತ್ತುವ ಗಿಟಾರ್‌ನ ದಂಡಿಯ ಮುಖ ತುಸು ಬಾಗಿರುತ್ತದೆ. ಸಲಾಕೆ ನೇರವಾದುದರಿಂದ ಹವಾಯಿ ಗಿಟಾರ್‌ನಲ್ಲಿ ತಂತಿಗಳೆಲ್ಲ ಒಂದೇ ಮಟ್ಟದಲ್ಲಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಲಾಕೆ ಒಂದು ತಂತಿಯನ್ನು ಮುಟ್ಟಿ ಇನ್ನೊಂದನ್ನು ಬಿಟ್ಟುಬಿಡುತ್ತದೆ. ತಂತಿಗಳ ನಡುವಿನ ಅಂತರವೂ ಸಾದಾ ಗಿಟಾರ್‌ಗಿಂತ ಹೆಚ್ಚಿರುವುದು ವಾಡಿಕೆ. ಮನೆಗಳ ಪಟ್ಟಿಗಳು ಇಲ್ಲಿ ಒತ್ತುವುದಕ್ಕಲ್ಲ, ಕಣ್ಣಿಗೆ ಗುರುತಷ್ಟೆ. ಬೇಡವಾದರೆ ಮರದಲ್ಲಿ ಗೆರೆ ಕೊರೆಸಿದರೆ ಸಾಕು.

ಆದೇಶಪತ್ರದಲ್ಲಿ ಇರಬೇಕಾದ ಅಂಶಗಳು

ಬಾಯಿಮಾತಿನ ವ್ಯವಹಾರದಲ್ಲಿ ಇಬ್ಬರಿಗೂ ಮರೆವು ಬರುವುದು ಸಹಜ. ಒಂದು ಹಾಳೆಯಲ್ಲಿ ಬರೆದು, ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಮಾಡಿಟ್ಟುಕೊಳ್ಳುವುದು ಮೇಲು. ಅದರಲ್ಲಿ ಈ ಕೆಳಗಿನ ಅಂಶಗಳಿರಲಿ:

1. ವಾದ್ಯದ ಬಗೆ, ಮುಖ್ಯ, ಚಿಕಾರಿ ಮತ್ತು ತರಬ್ ತಂತಿಗಳ ಸಂಖ್ಯೆ.
2. ಷಡ್ಜ, ಪ್ರತಿ ತಂತಿಯ ಸ್ವರ ಮತ್ತು ದಪ್ಪ.
3. ತಂತಿಯ ಉದ್ದ, ಮೇರುವಿನ ಬಳಿ ತಂತಿಯ ಎತ್ತರ, ತಂತಿಗಳ ನಡುವಿನ ಅಂತರ.
4. ಮೇಲ್ಹಲಗೆ, ಪಕ್ಕ, ಬೆನ್ನು, ದಂಡಿ ಮತ್ತು ಕುದುರೆಗಳಿಗೆ ಬಳಸುವ ಮರ ಅಥವಾ ವಸ್ತು.
5. ವಾದ್ಯ ಬಾಳಬೇಕಾದ ಊರು ಮತ್ತು ಅಲ್ಲಿಯ ಹವೆ.
6. ನುಡಿಸುವವರು ಬಲಗೈಯವರೋ ಎಡಗೈಯವರೋ. ನೆಲದ ಮೇಲೆ ಕುಳಿತೋ ಕುರ್ಚಿಯಲ್ಲೋ.
7. ಬುರುಡೆ ಬೇಕೇ, ಬೇಡವೇ. ವೇದಿಕೆಗಾಗಿ ವಿದ್ಯುತ್ ಪಿಕಪ್ ಬೇಕೇ.
8. ಒಟ್ಟು ಬೆಲೆ, ಮುಂಗಡ, ಕಂತುಗಳು, ಒಪ್ಪಿಸುವ ತಿಂಗಳು.
9. ಪೆಟ್ಟಿಗೆ ಮತ್ತು ಸಾಗಣೆಯ ಹೊಣೆ ಯಾರದು.
10. ಮೊದಲ ವರ್ಷದಲ್ಲಿ ಬಿರುಕು, ಬಾಗು ಕಂಡುಬಂದರೆ ದುರಸ್ತಿ ಯಾರ ಖರ್ಚಿನಲ್ಲಿ.

ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಎಂದೂ ಬಿಡತಕ್ಕದ್ದಲ್ಲ. ಒಂದನ್ನು ಬರೆಯದೆ ಇನ್ನೊಂದನ್ನು ಕೇಳುವುದು ನ್ಯಾಯವೂ ಅಲ್ಲ.

ಹಣ ಮತ್ತು ಕಾಲ

ಕೈಯಿಂದ ಮಾಡುವ ವಾದ್ಯಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿದರೆ ಅದು ವಿಳಂಬವಲ್ಲ. ಒಳ್ಳೆಯ ಕಾರೀಗರರ ಬಳಿ ಸರದಿಯೂ ಇರುತ್ತದೆ. ಮುಂಗಡವಾಗಿ ಮೂರನೆಯ ಒಂದು ಭಾಗ, ಮೈಕಟ್ಟು ಮುಗಿದಾಗ ಇನ್ನೊಂದು, ನುಡಿಸಿ ನೋಡಿ ಒಪ್ಪಿದ ಮೇಲೆ ಉಳಿದುದು ಎಂಬ ಕ್ರಮ ಇಬ್ಬರಿಗೂ ಹಿತ. ಪೂರ್ತಿ ಹಣವನ್ನು ಮೊದಲೇ ಕೊಡುವುದು ಎಷ್ಟು ಅವಿವೇಕವೋ, ಮುಂಗಡ ಕೊಡದೆ ಮರ ಕೊಯ್ಯಿಸುವುದೂ ಅಷ್ಟೇ ಅನ್ಯಾಯ. ಮರಕ್ಕೆ, ತಂತಿಗೆ, ಬಿರಡೆಗೆ ಕಾರೀಗರನು ಕೈಯಿಂದ ಹಣ ಹಾಕಬೇಕು. ಒಬ್ಬರ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಮಾರಾಟವಾಗುವುದು ಕಷ್ಟ.

ಕೆಲಸ ನಡೆದಿರುವಾಗ ಒಮ್ಮೆಯಾದರೂ ಕಾರ್ಯಾಗಾರಕ್ಕೆ ಹೋಗಿಬರುವುದು ಒಳ್ಳೆಯದು. ಮೇಲ್ಹಲಗೆ ಮುಚ್ಚುವ ಮುನ್ನ ಹೋದರೆ ಒಳಗಿನ ಕಟ್ಟು ಕಾಣಸಿಗುತ್ತದೆ. ಆ ಭೇಟಿಯಲ್ಲಿ ಹೊಸ ಬೇಡಿಕೆಗಳನ್ನು ಮುಂದಿಡದಿರುವುದು ಸೌಜನ್ಯ. ಪಾಯ ಹಾಕಿದ ಮೇಲೆ ಮನೆಯ ನಕ್ಷೆ ಬದಲಿಸಿದಂತಾಗುತ್ತದೆ ಅದು.

ವಾದ್ಯ ಮನೆಗೆ ಬಂದ ಮೇಲೆ

ಬೇಸಿಗೆಯಲ್ಲಿ ವಾದ್ಯ ತರಬೇಡಿ. ಮಳೆಗಾಲ ಮುಗಿದು ಚಳಿ ಆರಂಭವಾಗುವ ಅಕ್ಟೋಬರ್–ನವೆಂಬರ್ ತಿಂಗಳು ಸೂಕ್ತ. ಆಗ ತಂದರೆ ಬಿರುಬಿಸಿಲು ಬರುವುದರೊಳಗೆ ಮರಕ್ಕೆ ನಾಲ್ಕೈದು ತಿಂಗಳು ಒಗ್ಗಿಕೊಳ್ಳಲು ಅವಕಾಶ. ಪ್ರಯಾಣದಲ್ಲಿ ತಂತಿಗಳನ್ನು ಒಂದೆರಡು ಸ್ವರದಷ್ಟು ಇಳಿಸಿರಬೇಕು, ಪೂರ್ತಿ ಬಿಚ್ಚಬಾರದು. ಸಾಧ್ಯವಾದರೆ ಸಾಮಾನಿನ ಡಬ್ಬಿಗೆ ಹಾಕದೆ ಕೈಯಲ್ಲೇ ತರಬೇಕು.

ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನಲ್ಲಿ ವಾದ್ಯ ಬಿಡುವುದು ಅದನ್ನು ಕೊಂದಂತೆ. ಒಳಗಿನ ಶಾಖ 60 ಡಿಗ್ರಿ ಮುಟ್ಟಿದರೆ ಚರ್ಮದ ಸರೇಸು ಮೆತ್ತಗಾಗಿ ಕೀಲುಗಳು ಸರಿಯುತ್ತವೆ. ಕೂಲರಿನ ಗಾಳಿ ನೇರ ಬೀಸುವ ಕಡೆಯೂ ಇಡಬಾರದು. ರಾತ್ರಿಯೆಲ್ಲ ನೀರಿನ ಗಾಳಿ, ವಿದ್ಯುತ್ ಹೋದೊಡನೆ ಒಣಗಾಳಿ ಎಂದಾದರೆ ಮರ ದಿನಕ್ಕೆರಡು ಬಾರಿ ಉಬ್ಬಿ ಕುಗ್ಗುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು, ರಂಧ್ರವಿರುವ ಸಾಬೂನು ಡಬ್ಬಿಯೊಳಗೆ ಹಿಂಡಿದ ಒದ್ದೆ ಸ್ಪಂಜನ್ನು ಇರಿಸಿ, ಮುಚ್ಚಳ ಹಾಕಿಡುವುದು ಸುಲಭ ಉಪಾಯ. ಸ್ಪಂಜು ಮರವನ್ನು ಮುಟ್ಟಬಾರದು. ಮಳೆಗಾಲದಲ್ಲಿ ಇದರ ಅಗತ್ಯವಿಲ್ಲ. ನುಡಿಸಿದ ಬಳಿಕ ತಂತಿಗಳನ್ನು ಒಣ ಬಟ್ಟೆಯಿಂದ ಒರೆಸಿದರೆ ತುಕ್ಕು ತಡವಾಗುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ವಾದ್ಯ ಮಾಡಿಸಿಕೊಳ್ಳುವುದು ಹೊಸ ವಿದ್ಯೆಯಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುವವರ ಏಕತಾರಿಯೂ ಕೈಯಿಂದ ಆದುದೇ. ಒಂದು ಬುರುಡೆ, ಒಂದು ದಂಡಿ, ಒಂದು ತಂತಿ. ಹಾಡುವವನ ಕಂಠಕ್ಕೆ ಹೊಂದುವ ಬುರುಡೆಯನ್ನು ತಟ್ಟಿ ನೋಡಿ ಆರಿಸುವುದು, ಹಿಡಿಗೆ ಒಗ್ಗುವ ಬಿದಿರನ್ನು ಹುಡುಕುವುದು ಅಲ್ಲಿಯೂ ಮುಖ್ಯ. ಹವಾಯಿ ಗಿಟಾರ್‌ನಲ್ಲಿ ತಂತಿ ಇಪ್ಪತ್ತಾಗಬಹುದು, ಮರ ಕಡಲಾಚೆಯಿಂದ ಬಂದಿರಬಹುದು. ತಟ್ಟಿ ನೋಡುವ ಆ ತಾಳ್ಮೆ ಮಾತ್ರ ಅದೇ. ಮಾಡಿಸುವವರು ತಮ್ಮ ಕೈ, ಷಡ್ಜ, ಊರಿನ ಗಾಳಿ ಈ ಮೂರನ್ನು ಸರಿಯಾಗಿ ಹೇಳಿದರೆ, ಉಳಿದುದನ್ನು ಹೇಳಲು ವಾದ್ಯವೇ ಬರುತ್ತದೆ.